‘ಒರಿಜಿನಲ್’ ಅಂದ್ರೆ ಯಾವುದು? ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮೂಲಸ್ಥಿತಿಗೆ ತರುವ ಲೆಕ್ಕಾಚಾರ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ಅಂತ ಹೇಳ್ಕೊಂಡು ಗ್ಯಾರೇಜಿಗೆ ಹೋದ ಮೊದಲ ದಿನವೇ ನಾನೊಂದು ಥ್ರೆಡ್ ಕೆಡಿಸಿದೆ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಹಳೇ ಎಂಜಿ ಕಾರಿನ ಎಂಜಿನ್ ಬಿಚ್ಚಿ ಹರಡಿದ್ದರು. ಒಂದು ಬೋಲ್ಟ್ ತುಕ್ಕು ಹಿಡಿದಿತ್ತು. ಅಂಗಡಿಯಿಂದ ಹೊಸ 8 ಮಿ.ಮೀ. ಬೋಲ್ಟ್ ತಂದು ತಿರುಗಿಸಿದೆ. ಎರಡು ಸುತ್ತು ಹೋಯ್ತು, ಆಮೇಲೆ ಬಿಗಿಯಾಯ್ತು. ಇನ್ನೂ ಸ್ವಲ್ಪ ಒತ್ತಿದೆ. ಕರ್ ಅಂತ ಸದ್ದು. ಎಲ್ಲರೂ ‘ಉಸ್ತಾದ್’ ಅಂತ ಕರೆಯುವ ಆ ಹಿರಿಯ ಮೆಕ್ಯಾನಿಕ್ ತಲೆ ಎತ್ತದೆಯೇ ಹೇಳಿದರು: “ಬೋಲ್ಟ್ ಮೇಲೆ ತಪ್ಪಿಲ್ಲಪ್ಪ, ಹಲ್ಲು ಎಣಿಸ್ಬೇಕಿತ್ತು.”

ಅವರು ಹೇಳಿದ್ದು ನಿಜ. ಇವತ್ತಿನ ಸಾಮಾನ್ಯ 8 ಮಿ.ಮೀ. ಬೋಲ್ಟಿನ ಹಲ್ಲುಗಳ ಅಂತರ 1.25 ಮಿ.ಮೀ. ಆ ಎಂಜಿನ್ನಿನದು 1 ಮಿ.ಮೀ. ಅದಕ್ಕೊಂದು ಕಥೆಯೇ ಇದೆ, ಮುಂದೆ ಹೇಳ್ತೀನಿ. ಆ ತೂತು ಸರಿಪಡಿಸೋಕೆ ಲೇಥ್ ಅಂಗಡಿಯಲ್ಲಿ ಅರ್ಧ ದಿನ ಹೋಯ್ತು. ಆ ಅರ್ಧ ದಿನದಲ್ಲಿ ಶುರುವಾದ ಮಾತುಕತೆಯಿಂದ ಈ ಲೇಖನ ಹುಟ್ಟಿದ್ದು.

ಕಾರು ನನ್ನ ಗೆಳತಿಯೊಬ್ಬಳದು. 1948ರ ಎಂಜಿ ಟಿಸಿ. ಚಿಕ್ಕಮಗಳೂರು ಕಡೆಯ ಅವಳ ಅಜ್ಜ, ತೋಟ ಮಾರಿ ಊರಿಗೆ ಹೊರಟಿದ್ದ ಬ್ರಿಟಿಷ್ ಪ್ಲಾಂಟರ್ ಒಬ್ಬರಿಂದ ಕೊಂಡಿದ್ದರಂತೆ. ಈಗ ಅವಳಿಗೆ ಅದನ್ನು ‘ಫ್ಯಾಕ್ಟರಿಯಿಂದ ಹೊರಬಂದಾಗ ಹೇಗಿತ್ತೋ ಹಾಗೆ’ ಮಾಡಿಸುವ ಆಸೆ. ಕೇಳೋಕೆ ಸುಲಭ. ಆದರೆ ‘ಹೇಗಿತ್ತೋ ಹಾಗೆ’ ಅನ್ನುವ ಮಾತಿನೊಳಗೆ ಎಂಜಿನಿಯರಿಂಗ್ ಎಷ್ಟಿದೆಯೋ ಕಾನೂನು, ಇತಿಹಾಸ, ದುಡಿಮೆಯ ರಾಜಕಾರಣವೂ ಅಷ್ಟೇ ಇದೆ.

ಮೊದಲು ಪದಗಳು

ಬ್ರಿಟನ್ನಿನ ರೂಢಿಯಲ್ಲಿ ‘ವಿಂಟೇಜ್’ ಅಂದರೆ 1919ರಿಂದ 1930ರವರೆಗೆ ತಯಾರಾದ ಕಾರು. ಆ ಲೆಕ್ಕದಲ್ಲಿ 1948ರ ಎಂಜಿ ವಿಂಟೇಜ್ ಅಲ್ಲ, ಕ್ಲಾಸಿಕ್. ಭಾರತದ ಕಾನೂನು ಬೇರೆ ಗೆರೆ ಎಳೆದಿದೆ: 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ, ಮೂಲ ಸ್ವರೂಪದಲ್ಲಿದ್ದರೆ, ವಿಂಟೇಜ್. ಹಾಗಾಗಿ ನಿಮ್ಮ ತಾತನ 1970ರ ಅಂಬಾಸಿಡರ್ ಕೂಡ ಈ ಪಟ್ಟಿಗೆ ಬರಬಹುದು.

ಈ ಲೋಕದಲ್ಲಿ ಪದೇಪದೇ ಕಿವಿಗೆ ಬೀಳುವ ಇನ್ನು ನಾಲ್ಕು ಮಾತುಗಳಿವೆ.

ಸಂರಕ್ಷಣೆ: ಇರುವುದನ್ನು ಇರುವ ಹಾಗೇ, ಮಾಸಿದ ಬಣ್ಣ, ಸವೆದ ಸೀಟಿನ ಸಮೇತ ಉಳಿಸಿಕೊಳ್ಳೋದು. ತುಕ್ಕು, ಗೆದ್ದಲು ಮುಂದುವರಿಯದಂತೆ ತಡೆಯುವುದಷ್ಟೇ ಕೆಲಸ.

ರೆಸ್ಟೊರೇಷನ್: ಕೆಟ್ಟದ್ದನ್ನು, ಬದಲಾದದ್ದನ್ನು, ಕಳೆದುಹೋದದ್ದನ್ನು ದಾಖಲೆಗಳ ಆಧಾರದ ಮೇಲೆ ಮತ್ತೆ ಮೂಲದಂತೆ ಮಾಡೋದು.

ರೆಪ್ಲಿಕಾ: ಹೊಸದಾಗಿ ಕಟ್ಟಿದ ನಕಲು. ನಕಲು ಅಂತ ಹೇಳಿ ಮಾರಿದರೆ ತಪ್ಪಿಲ್ಲ, ಹೇಳದಿದ್ದರೆ ಮೋಸ.

ಮ್ಯಾಚಿಂಗ್ ನಂಬರ್ಸ್: ಚಾಸಿ, ಎಂಜಿನ್ ಮೇಲೆ ಕೊರೆದ ಸಂಖ್ಯೆಗಳು ಕಾರ್ಖಾನೆಯ ದಾಖಲೆಗೆ ಹೊಂದಿಕೆಯಾಗೋದು. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಇದರ ಮೇಲೆ ನಿಂತಿದೆ. ಅದಕ್ಕೇ ಹಳೇ ನಂಬರ್ ಉಜ್ಜಿ ಹೊಸದು ಕೊರೆಯುವ ದಂಧೆಯೂ ಜಗತ್ತಿನಾದ್ಯಂತ ಇದೆ.

ಯಾಕೆ ಈ ಕಾರು, ಯಾಕೆ ಇಲ್ಲಿ

ಎಂಜಿ ಟಿಸಿ ತಯಾರಾಗಿದ್ದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ, 1945ರಿಂದ 1949ರವರೆಗೆ. ಒಟ್ಟು ಸುಮಾರು 10,000 ಕಾರು. 1250 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 54 ಅಶ್ವಶಕ್ತಿ, ಎರಡು ಎಸ್‌ಯು ಕಾರ್ಬುರೇಟರ್, ಎರಡೇ ಸೀಟು. ಟಾಪ್ ಸ್ಪೀಡ್ ಗಂಟೆಗೆ ಸುಮಾರು 120 ಕಿ.ಮೀ. ಇವತ್ತಿನ ಯಾವ ಸಣ್ಣ ಹ್ಯಾಚ್‌ಬ್ಯಾಕ್ ಬೇಕಾದರೂ ಇದನ್ನು ಹಿಂದೆ ಹಾಕುತ್ತೆ. ಆದರೆ ಡ್ಯಾಶ್‌ಬೋರ್ಡ್ ನೋಡಿದರೆ ಕಾರಿನ ಸ್ವಭಾವ ಗೊತ್ತಾಗುತ್ತೆ: ಎಂಜಿನ್ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸುವ ಮೀಟರ್ ಡ್ರೈವರ್ ಮುಂದೆ, ಸ್ಪೀಡೋಮೀಟರ್ ಪಕ್ಕದಲ್ಲಿ ಕೂತವರ ಮುಂದೆ. ಚಾಸಿ ನಂಬರುಗಳು ಒಂದರಿಂದ ಶುರುವಾಗಲ್ಲ, 0251ರಿಂದ ಶುರುವಾಗುತ್ತವೆ. ಕಾರಣ, ಕಾರ್ಖಾನೆಯ ಫೋನ್ ನಂಬರ್ 251!

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ದಿವಾಳಿಯ ಅಂಚಿನಲ್ಲಿತ್ತು. ಡಾಲರ್ ಬೇಕಿತ್ತು. ರಫ್ತು ಮಾಡಿದವರಿಗೆ ಮಾತ್ರ ಉಕ್ಕು ಸಿಗುವಂತೆ ಅಲ್ಲಿನ ಸರ್ಕಾರ ಹಂಚಿಕೆ ಮಾಡ್ತಿತ್ತು. ಹೊಸ ವಿನ್ಯಾಸ ಮಾಡುವ ಪುರುಸೊತ್ತಿಲ್ಲದ ಎಂಜಿ, ಯುದ್ಧಕ್ಕೆ ಮುಂಚಿನ ತನ್ನ ಕಾರನ್ನೇ ಸ್ವಲ್ಪ ತಿದ್ದಿ ಹೊರಗೆ ಕಳಿಸ್ತು. ಟಿಸಿ ಎಲ್ಲವೂ ಬಲಗಡೆ ಸ್ಟೀರಿಂಗಿನವು, ಅಮೆರಿಕಕ್ಕೆ ಹೋದವು ಕೂಡ. ಭಾರತಕ್ಕೂ ಒಂದಿಷ್ಟು ಬಂದವು.

ಬಂದ ಮೇಲೆ ಇಲ್ಲಿನ ಕಥೆ ಶುರು. 1953ರ ಸುಂಕ ಆಯೋಗದ ಶಿಫಾರಸಿನ ನಂತರ, ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಭಾರತದಲ್ಲಿ ಜಾಗ ಇಲ್ಲದಂತಾಯ್ತು. ಜನರಲ್ ಮೋಟಾರ್ಸ್, ಫೋರ್ಡ್ ಜೋಡಣೆ ಘಟಕ ಮುಚ್ಚಿ ಹೊರಟವು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು. ಆಮದು ಲೈಸೆನ್ಸ್ ಇಲ್ಲದೆ ಒಂದು ಪಿಸ್ಟನ್ ರಿಂಗ್ ತರಿಸೋದೂ ಕಷ್ಟ. 1991ರವರೆಗೆ ಹೆಚ್ಚುಕಮ್ಮಿ ಇದೇ ಸ್ಥಿತಿ.

ಅಂದ್ರೆ, ಬ್ರಿಟನ್ನಿನ ವಿದೇಶಿ ವಿನಿಮಯದ ಬರ ಈ ಕಾರನ್ನು ಲೋಕಕ್ಕೆ ಹಂಚಿತು. ಭಾರತದ ವಿದೇಶಿ ವಿನಿಮಯದ ಬರ ಅದನ್ನು ಇಲ್ಲಿನ ಮೆಕ್ಯಾನಿಕ್‌ಗಳ ಕೈಗೆ ಒಪ್ಪಿಸಿತು. ನನ್ನ ಗೆಳತಿಯ ಕಾರಿನ ಮೈಮೇಲೆ ಈ ಎರಡನೇ ಅಧ್ಯಾಯ ಪೂರ್ತಿ ಬರೆದಿತ್ತು. 19 ಇಂಚಿನ ಕಡ್ಡಿ ಚಕ್ರಗಳ ಬದಲು ಜೀಪಿನ 16 ಇಂಚಿನ ಚಕ್ರಗಳು, ಅದನ್ನು ಕೂರಿಸೋಕೆ ಲೇಥ್‌ನಲ್ಲಿ ಕೊರೆಸಿದ ಬಿಲ್ಲೆಗಳು. ಡೈನಮೋ ಜಾಗದಲ್ಲಿ ಮಾರುತಿಯ ಆಲ್ಟರ್ನೇಟರ್. ಒಂದು ಕಾರ್ಬುರೇಟರ್ ಅಂಬಾಸಿಡರ್‌ನದು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಮರದ ಚೌಕಟ್ಟು.

ಕೆಲಸ ನಡೆಯುವುದು ಹೀಗೆ

ಮೊದಲನೇ ನಿಯಮ: ಬಿಚ್ಚಬೇಡಿ. ಬಿಚ್ಚುವ ಮುಂಚೆ ಪ್ರತಿ ಮೂಲೆಯ ಫೋಟೋ ತೆಗೆಯಿರಿ. ಯಾವ ವೈರ್ ಎಲ್ಲಿಂದ ಎಲ್ಲಿಗೆ, ಯಾವ ವಾಷರ್ ಯಾವ ಬೋಲ್ಟಿನ ಕೆಳಗೆ, ಎಲ್ಲಕ್ಕೂ ಚೀಟಿ. ಬಿಚ್ಚಿದ ಭಾಗಗಳನ್ನು ಡಬ್ಬಿಗಳಲ್ಲಿ ಹೆಸರು ಬರೆದು ಇಡಬೇಕು. ಎಷ್ಟೋ ರೆಸ್ಟೊರೇಷನ್‌ಗಳು ದುಡ್ಡಿಲ್ಲದೆ ನಿಲ್ಲೋದಕ್ಕಿಂತ ಹೆಚ್ಚಾಗಿ ‘ಇದು ಯಾವುದರದ್ದು’ ಅಂತ ಗೊತ್ತಾಗದೆ ನಿಲ್ಲುತ್ತವೆ.

ಎರಡನೆಯದು ದಾಖಲೆ. ಚಾಸಿ ನಂಬರ್, ಎಂಜಿನ್ ನಂಬರ್, ಬಾಡಿ ಮೇಲಿನ ಹಿತ್ತಾಳೆ ಫಲಕ, ಹಳೇ ಆರ್‌ಸಿ, ವಿಮೆ, ಬಿಲ್ಲು, ಮದುವೆ ಆಲ್ಬಂನಲ್ಲಿ ಹಿನ್ನೆಲೆಯಾಗಿ ನಿಂತ ಕಾರಿನ ಫೋಟೋ ಕೂಡ. 1930ರಲ್ಲಿ ಶುರುವಾದ ಎಂಜಿ ಕಾರ್ ಕ್ಲಬ್‌ನಂಥ ಸಂಘಗಳು ಹಳೇ ಉತ್ಪಾದನಾ ಮಾಹಿತಿಯನ್ನು ಕಾಪಾಡಿಕೊಂಡು ಬಂದಿವೆ. ಅಬಿಂಗ್ಡನ್ ಕಾರ್ಖಾನೆ 1980ರಲ್ಲೇ ಮುಚ್ಚಿತು. ಇವತ್ತು ನಮ್ಮ ರಸ್ತೆಯಲ್ಲಿ ಕಾಣುವ ಎಂಜಿಗಳ ಲಾಂಛನ ಅದೇ ಅಷ್ಟಕೋನ, ಆದರೆ ಬ್ರ್ಯಾಂಡ್ ಈಗ ಚೀನಾದ ಸಾಯಿಕ್ ಕಂಪನಿಯದು. ‘ಒರಿಜಿನಲ್’ ಅನ್ನೋದು ಹೆಸರಲ್ಲಿ ಇಲ್ಲ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಮೂರನೆಯದು ಚಾಸಿ. ಟಿಸಿಯದು ಏಣಿಯಂಥ ಉಕ್ಕಿನ ಚೌಕಟ್ಟು, ಹಿಂದೆ ಮುಂದೆ ಪಟ್ಟಿ ಸ್ಪ್ರಿಂಗುಗಳು. ಮರಳು ಹೊಡೆಸಿ ತುಕ್ಕು ತೆಗೆದು, ಕರ್ಣಗಳ ಉದ್ದ ಅಳೆದು ನೋಡಬೇಕು. ಎರಡು ಕರ್ಣ ಸಮ ಇಲ್ಲ ಅಂದ್ರೆ ಎಲ್ಲೋ ಗುದ್ದಿದ ಕಾರು.

ನಾಲ್ಕನೆಯದು ಬಾಡಿ, ಇಲ್ಲೇ ನಿಜವಾದ ತಲೆನೋವು. ಟಿಸಿಯ ಬಾಡಿ ಅಂದರೆ ಆಶ್ ಮರದ ಚೌಕಟ್ಟಿಗೆ ಹೊಡೆದ ಉಕ್ಕಿನ ತಗಡು. ಆಶ್ ಬಳುಕುವ ಮರ, ಕ್ರಿಕೆಟ್ ಸ್ಟಂಪು, ಸುತ್ತಿಗೆ ಹಿಡಿಗೆ ಬಳಸೋದು ಅದಕ್ಕೇ. ರಸ್ತೆಯ ಹೊಡೆತಕ್ಕೆ ಸೀಳದೆ ಬಾಗುತ್ತೆ. ಆದರೆ ಮಲೆನಾಡಿನ ಮಳೆ, ಗೆದ್ದಲಿಗೆ ಅದು ತಯಾರಾಗಿರಲಿಲ್ಲ. ಚೌಕಟ್ಟು ಕೆಲವೇ ಮಿಲಿಮೀಟರ್ ಸೊಟ್ಟಗಾದರೂ ಬಾಗಿಲು ಕೂರಲ್ಲ. ಅದೂ ಟಿಸಿಯ ಬಾಗಿಲ ಕೀಲು ಹಿಂಭಾಗದಲ್ಲಿ, ಓಡುವಾಗ ತೆರೆದುಕೊಂಡರೆ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತೆ. ಹಾಗಾಗಿ ಮೊದಲು ಬಾಗಿಲು ಕೂರಿಸಿ, ಆಮೇಲೆ ತಗಡು ಬಿಗಿಯಬೇಕು.

ಐದನೆಯದು ಎಂಜಿನ್. ನಾನು ಕೆಡಿಸಿದ ಥ್ರೆಡ್ಡಿನ ಕಥೆ ಇಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್ಕಿಸ್ ಕಂಪನಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರ್ಖಾನೆ ಹಾಕಿತ್ತು, ಬಂದೂಕು ಮಾಡೋಕೆ. 1923ರಲ್ಲಿ ಅದನ್ನು ಮಾರಿಸ್ ಕೊಂಡಿತು. ಯಂತ್ರಗಳು ಫ್ರೆಂಚ್ ಮೆಟ್ರಿಕ್ ಅಳತೆಯವು. ಹೊಸ ಯಂತ್ರ ತರೋದರ ಬದಲು ಅದೇ ಹಲ್ಲಿನ ಥ್ರೆಡ್ ಮುಂದುವರಿಸಿ, ಬ್ರಿಟಿಷ್ ಮೆಕ್ಯಾನಿಕ್‌ಗಳ ಪಾನಾ ಹೊಂದಲಿ ಅಂತ ಬೋಲ್ಟಿನ ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ತಲೆ ಬ್ರಿಟಿಷ್, ಹಲ್ಲು ಫ್ರೆಂಚ್. ‘ಅಪ್ಪಟ ಇಂಗ್ಲಿಷ್’ ಸ್ಪೋರ್ಟ್ಸ್ ಕಾರಿನ ಹೃದಯದಲ್ಲೇ ಒಂದು ಜುಗಾಡ್ ಕೂತಿದೆ! ಆಗ ಅದನ್ನು ಜುಗಾಡ್ ಅಂತ ಯಾರೂ ಕರೀಲಿಲ್ಲ, ‘ಸ್ಪೆಸಿಫಿಕೇಷನ್’ ಅಂದರು.

ಆರನೆಯದು ವೈರಿಂಗ್. ಟಿಸಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತೆ, ಇವತ್ತಿನ ಕಾರುಗಳಿಗೆ ತದ್ವಿರುದ್ಧ. ಗೊತ್ತಿಲ್ಲದೆ ಉಲ್ಟಾ ಕೊಟ್ಟರೆ ಆಲ್ಟರ್ನೇಟರಿನ ಡಯೋಡ್ ಕ್ಷಣದಲ್ಲಿ ಸುಡುತ್ತೆ. ಮೂಲಕ್ಕೆ ಹೋಗೋದಾದರೆ ಡೈನಮೋ, ಪಾಸಿಟಿವ್ ಅರ್ಥ್, ಬಟ್ಟೆ ಸುತ್ತಿದ ವೈರ್ ಮೂರೂ ಒಟ್ಟಿಗೆ ಬರಬೇಕು.

ಕೊನೆಯದು ಬಣ್ಣ. ಮೂಲ ಬಣ್ಣ ಸೆಲ್ಯುಲೋಸ್, ನಮ್ಮ ಹಳೇ ಗ್ಯಾರೇಜುಗಳಲ್ಲಿ ‘ಡ್ಯೂಕೋ’ ಅಂತ ಕರೆಯುತ್ತಿದ್ದದ್ದು. ತೆಳು ಪದರಗಳಲ್ಲಿ ಹೊಡೆದು ಉಜ್ಜಿ ಹೊಳಪು ತರಿಸಬೇಕು. ಈಗಿನ ಪಾಲಿಯುರೆಥೇನ್ ಬಣ್ಣ ಗಾಜಿನಂತೆ ಹೊಳೆಯುತ್ತೆ, 1948ರ ಯಾವ ಕಾರೂ ಹಾಗೆ ಹೊಳೀತಿರಲಿಲ್ಲ. ಹೊಸದಕ್ಕಿಂತ ಹೊಸದಾಗಿ ಕಾಣುವ ಇಂಥ ಕಾರುಗಳಿಗೆ ‘ಅತಿ ರೆಸ್ಟೊರೇಷನ್’ ಅನ್ನುವ ಬೈಗುಳವಿದೆ.

ಎಲ್ಲಿ ನಿಲ್ಲಿಸಬೇಕು

ಮೂಲಕ್ಕೆ ಮರಳಬಾರದ ಕೆಲವು ಜಾಗಗಳಿವೆ. ಅದರ ಬಗ್ಗೆ ನನಗೆ ಯಾವ ಗೊಂದಲವೂ ಇಲ್ಲ.

ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಹಳೇ ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿಯಲ್ಲಿ ಊದಿದರೆ ಅದರ ನಾರು ನೇರ ಹುಡುಗರ ಶ್ವಾಸಕೋಶಕ್ಕೆ. ಭಾರತದಲ್ಲಿ ಆಸ್ಬೆಸ್ಟಾಸ್‌ಗೆ ಇವತ್ತಿಗೂ ಪೂರ್ಣ ನಿಷೇಧವಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಸ್ಬೆಸ್ಟಾಸ್ ಇಲ್ಲದ ಲೈನಿಂಗ್ ಹಾಕಿಸಿ. ಈಗಿನ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತೆ, ಅದು ಅಸ್ತಮಾ ತರಿಸಬಲ್ಲದು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುವ ಕೆಲಸ ಅದಲ್ಲ. ಬಂಪರ್, ಹೆಡ್‌ಲೈಟಿನ ಕ್ರೋಮ್ ಹೊಳಪಿಗೆ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದು ಅಂತರ್ಜಲಕ್ಕೆ ಇಳಿದರೆ ಏನಾಗುತ್ತೆ ಅನ್ನೋದನ್ನು ಪೀಣ್ಯದ ಸುತ್ತಮುತ್ತಲಿನ ಜನರನ್ನು ಕೇಳಿ. ನಿಮ್ಮ ಕಾರಿನ ಹೊಳಪಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ ಅನ್ನೋದು ಬಿಲ್ಲಿನಲ್ಲಿ ಬರಲ್ಲ.

ಪೆಟ್ರೋಲಿನದು ಇನ್ನೊಂದು ಕಥೆ. ಈ ಎಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು, ಸೀಸ ವಾಲ್ವ್ ಸೀಟುಗಳಿಗೆ ಒಂದು ಮಟ್ಟದ ರಕ್ಷಣೆ ಕೊಡ್ತಿತ್ತು. ಭಾರತ 2000ದಲ್ಲಿ ಸೀಸ ತೆಗೆಯಿತು, ಒಳ್ಳೇದಾಯ್ತು. ಹಾಗಾಗಿ ಹೆಡ್‌ಗೆ ಗಟ್ಟಿ ಸೀಟುಗಳನ್ನು ಕೂರಿಸಬೇಕು. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪುಗಳನ್ನು ಎಥನಾಲ್ ಉಬ್ಬಿಸುತ್ತೆ, ಬಿರುಕು ಬಿಡಿಸುತ್ತೆ, ನೀರು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತೆ. ಎಥನಾಲ್ ತಡೆಯುವ ಪೈಪು, ಸೀಲು ಹಾಕಿಸಿ. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ತಿರುವು ಸೂಚಿಸುವ ದೀಪವೂ ಇಲ್ಲದ ಕಾರನ್ನು ಬೆಂಗಳೂರಿನ ಟ್ರಾಫಿಕ್‌ಗೆ ಇಳಿಸೋದಾದರೆ, ಬಿಚ್ಚಿ ತೆಗೆಯಬಹುದಾದ ದೀಪ ಹಾಕಿಕೊಳ್ಳೋದು ಸೋಲೇನೂ ಅಲ್ಲ.

ಕೋರ್ಟಿಗೆ ಹೋದ ಪ್ರಶ್ನೆ

ಭಾಗಗಳನ್ನೆಲ್ಲ ಬದಲಿಸಿದ ಮೇಲೆ ಅದು ಅದೇ ಕಾರಾ? ತತ್ವಶಾಸ್ತ್ರದ ಈ ಹಳೇ ಪ್ರಶ್ನೆಗೆ 1990ರಲ್ಲಿ ಲಂಡನ್ನಿನ ಹೈಕೋರ್ಟ್ ಉತ್ತರ ಕೊಡಬೇಕಾಯ್ತು.

‘ಓಲ್ಡ್ ನಂಬರ್ ಒನ್’ ಅನ್ನುವ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಸತತ ಎರಡು ಸಲ ಲ ಮಾನ್ ರೇಸ್ ಗೆದ್ದಿತ್ತು. ಪ್ರತಿ ರೇಸಿಗೂ ಭಾಗಗಳು ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸಿನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಸತ್ತರು. ಆಮೇಲೆ ಕಾರನ್ನು ಮತ್ತೆ ಕಟ್ಟಿದರು, ಬಾಡಿಯೂ ಬದಲಾಯ್ತು. 1990ರ ಹೊತ್ತಿಗೆ ಸುಮಾರು 1 ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ‘ಇದರಲ್ಲಿ ಹಳೆಯದು ಏನೂ ಉಳಿದಿಲ್ಲ’ ಅಂತ ಕೊಳ್ಳುವವರು ಹಿಂದೆ ಸರಿದರು. ಮಾಲೀಕ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಆಟನ್ ತೀರ್ಪಿನ ಸಾರ ಇಷ್ಟು: ಈ ಕಾರನ್ನು ‘ಒರಿಜಿನಲ್’ ಅನ್ನೋಕಾಗಲ್ಲ. ಆದರೆ ಇದು ಅಧಿಕೃತ ಓಲ್ಡ್ ನಂಬರ್ ಒನ್. ಯಾಕಂದ್ರೆ ಅದರ ಇತಿಹಾಸದ ಎಳೆ ಎಲ್ಲೂ ಕಡಿದುಹೋಗಿಲ್ಲ. ಮಾಲೀಕ ಗೆದ್ದರು.

ಮೂಲ ಬೇರೆ, ಅಧಿಕೃತತೆ ಬೇರೆ ಅನ್ನುವ ಈ ವಿಂಗಡಣೆ ಆಮೇಲಿನ ಎಲ್ಲ ಚರ್ಚೆಗೆ ತಳಪಾಯ. ಮಾರುಕಟ್ಟೆಯೂ ಇದನ್ನು ಒಂದು ಮಟ್ಟಕ್ಕೆ ಒಪ್ಪಿದೆ. 2018ರಲ್ಲಿ 4.84 ಕೋಟಿ ಡಾಲರಿಗೆ ಹರಾಜಾದ 1962ರ ಫೆರಾರಿ 250 ಜಿಟಿಓ ಕಾರಿನ ಬಾಡಿ 1964ರಲ್ಲೇ ಬದಲಾಗಿತ್ತು. ಅದನ್ನು 1962ರ ರೂಪಕ್ಕೆ ತಿರುಗಿಸಬೇಕು ಅಂತ ಕೊಂಡವರಿಗೆ ಅನ್ನಿಸಲಿಲ್ಲ, ಆ ಬದಲಾವಣೆಯೂ ಕಾರಿನ ಚರಿತ್ರೆಯೇ ಆಗಿತ್ತು.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ರೂಪಿಸಿದ ಟ್ಯೂರಿನ್ ಸನ್ನದು ಕೂಡ ಇದೇ ದಾರಿ ಹಿಡಿದಿದೆ. ಅದರ ಬೇರು 1964ರ ವೆನಿಸ್ ಸನ್ನದಿನಲ್ಲಿದೆ, ಅದು ಹಳೇ ಕಟ್ಟಡ, ಸ್ಮಾರಕಗಳ ಸಂರಕ್ಷಣೆಗೆ ಬರೆದದ್ದು. ಎರಡರ ತಿರುಳು ಒಂದೇ: ಊಹೆ ಶುರುವಾಗುವ ಜಾಗದಲ್ಲಿ ರೆಸ್ಟೊರೇಷನ್ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗುರುತಿಗೆ ಸಿಗಬೇಕು. ನಡುವಿನ ಕಾಲದ ಕೊಡುಗೆಗಳನ್ನು ಅಳಿಸಿಹಾಕಬಾರದು.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಒಂದು ದೇಶವನ್ನು, ಊರನ್ನು, ಗುಡಿ ಗೋಪುರವನ್ನು ಯಾವುದೋ ಒಂದು ಇಸವಿಗೆ ‘ಮರಳಿಸುವ’ ಮಾತು ಕೇಳಿದಾಗಲೆಲ್ಲ ನನಗೀಗ ಈ ಸಾಲು ನೆನಪಾಗುತ್ತೆ. ಯಾವ ಇಸವಿ ‘ಮೂಲ’ ಅಂತ ತೀರ್ಮಾನಿಸುವವರೇ, ಯಾವ ಶತಮಾನ ಕಸ ಅಂತಲೂ ತೀರ್ಮಾನಿಸಿರುತ್ತಾರೆ.

ನಮ್ಮ ಕಾನೂನು ಏನನ್ನುತ್ತೆ

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಶುರುಮಾಡಿತು. ಮುಖ್ಯ ಅಂಶಗಳು:

- 50 ವರ್ಷ ದಾಟಿರಬೇಕು. ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.
- ಹೊಸ ನೋಂದಣಿಗೆ ಶುಲ್ಕ 20,000 ರೂ., ಮರುನೋಂದಣಿಗೆ 5,000 ರೂ. ಅವಧಿ 10 ವರ್ಷ.
- ಹೊಸದಾಗಿ ನೋಂದಣಿಯಾದರೆ ರಾಜ್ಯದ ಸಂಕೇತದ ಜತೆ ‘ವಿಎ’ ಅಕ್ಷರ ಇರುವ ನಂಬರ್. ಈಗಾಗಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.
- ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸೋದು, ರಿಪೇರಿ – ಇಷ್ಟಕ್ಕೆ ಮಾತ್ರ ರಸ್ತೆಗೆ. ದಿನಬಳಕೆಗೂ ಇಲ್ಲ, ವ್ಯಾಪಾರಕ್ಕೂ ಇಲ್ಲ.
- ಅರ್ಜಿ ಬಂದ ವಾಹನವನ್ನು ರಾಜ್ಯಮಟ್ಟದ ಸಮಿತಿ ಪರಿಶೀಲಿಸುತ್ತೆ.

ಇದರ ಜತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಗಟ್ಟಿಯಾಗಿ ಹೇಳಿದೆ. ಎಂಜಿನ್ ಬದಲಾಗಿದ್ದರೆ ಆರ್‌ಸಿಯಲ್ಲಿ ನಮೂದು ಇರಲೇಬೇಕು.

ಇಲ್ಲಿ ನನ್ನ ತಕರಾರು ಎರಡು.

ಒಂದು: ‘ಗಣನೀಯ’ ಅಂದರೆ ಎಷ್ಟು ಅಂತ ನಿಯಮ ಅಳೆದು ಹೇಳಿಲ್ಲ. ಬಿಡಿಭಾಗ ಸಿಗದ ನಾಲ್ಕು ದಶಕ ಇಲ್ಲಿನ ಕಾರನ್ನು ಬದುಕಿಸಿದ್ದೇ ಮಾರ್ಪಾಡು. ಕಟ್ಟುನಿಟ್ಟಾಗಿ ಓದಿದರೆ, ಶೆಡ್ಡಿನಲ್ಲಿ ಸುಮ್ಮನೆ ಕೂತಿದ್ದ ಕಾರು ಪರಂಪರೆ, ಓಡಾಡಿ ಬದುಕಿದ ಕಾರು ಗುಜರಿ. ವಿದೇಶದಿಂದ ದುಬಾರಿ ಕಿಟ್ ತರಿಸಿ ಎಲ್ಲ ಹೊಸದಾಗಿ ಹಾಕಿಸಿದವನ ಕಾರು ನೋಡೋಕೆ ‘ಮೂಲ’. ಹಳೇ ಭಾಗ ಉಳಿಸಿಕೊಂಡವನದು ಅನುಮಾನಾಸ್ಪದ.

ಎರಡು: ಅದೇ 2021ರಲ್ಲಿ ಗುಜರಿ ನೀತಿಯೂ ಬಂತು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೇ ವಾಹನಗಳ ಹೊಗೆಯ ಬಗ್ಗೆ ಸರ್ಕಾರದ ಕಾಳಜಿ ಸರಿಯಾದದ್ದೇ. ವಿಂಟೇಜ್ ಕಾರುಗಳು ಕಡಿಮೆ, ಓಡೋದೂ ಕಡಿಮೆ ಅನ್ನುವ ವಾದವೂ ಸರಿ. ಆದರೂ ಚಿತ್ರ ಹೀಗಿದೆ: 16 ವರ್ಷದ ಆಲ್ಟೋ ಇಟ್ಟುಕೊಂಡು ಮಕ್ಕಳನ್ನು ಶಾಲೆಗೆ ಬಿಡುವವನ ಕಾರು ‘ಹಳೆಯದು’, 60 ವರ್ಷದ ಕಾರನ್ನು ಶೆಡ್ಡಿನಲ್ಲಿಟ್ಟು ಕಾಯಬಲ್ಲವನದು ‘ಪರಂಪರೆ’. 16ರಿಂದ 50ರವರೆಗಿನ 34 ವರ್ಷ ದಾಟಿಸೋಕೆ ಜಾಗ, ದುಡ್ಡು ಇದ್ದವರಿಗೆ ಮಾತ್ರ ಆಗುತ್ತೆ. ನಾಳಿನ ವಿಂಟೇಜ್ ಯಾವುದು ಅನ್ನೋದನ್ನು ಇವತ್ತಿನ ಶುಲ್ಕವೇ ತೀರ್ಮಾನಿಸ್ತಿದೆ.

ತೇಗದ ಚೌಕಟ್ಟು

ಗೆಳತಿಯ ಕಾರಿನ ತಗಡು ಬಿಚ್ಚಿದಾಗ ಒಳಗೆ ಆಶ್ ಮರ ಮುಕ್ಕಾಲು ಪಾಲು ಇರಲಿಲ್ಲ. ಅದರ ಜಾಗದಲ್ಲಿ ತೇಗ. ಮನೆಯವರ ನೆನಪಿನ ಪ್ರಕಾರ ಎಪ್ಪತ್ತರ ದಶಕದಲ್ಲಿ, ಕಾಫಿ ಗೋದಾಮಿನ ಬಾಗಿಲು ಮಾಡೋಕೆ ಬಂದಿದ್ದ ಆಚಾರಿಯೊಬ್ಬರು ಮಾಡಿಕೊಟ್ಟದ್ದು. ಕೊಳೆತ ತುಂಡುಗಳನ್ನು ಎದುರಿಗಿಟ್ಟುಕೊಂಡು, ನಕ್ಷೆ ಇಲ್ಲದೆ, ಮನೆ ಬಾಗಿಲಿಗೆ ಹಾಕುವ ಹಾಗೇ ಕೂಡಿಕೆ ಹಾಕಿದ್ದರು. ಐವತ್ತು ವರ್ಷ ಒಂದು ಕೂಡಿಕೆಯೂ ಸಡಿಲವಾಗಿರಲಿಲ್ಲ.

ಪೂರ್ತಿ ಆಶ್ ಚೌಕಟ್ಟು ಇಂಗ್ಲೆಂಡಿನಿಂದ ತರಿಸಬಹುದು. ಟಿಸಿಯ ಬಹುತೇಕ ಭಾಗಗಳು ಹೊಸದಾಗಿ ತಯಾರಾಗಿ ಕ್ಯಾಟಲಾಗ್‌ನಲ್ಲೇ ಸಿಗುತ್ತವೆ. ಹಾಗೆ ಮಾಡಿದರೆ ಕಾರು ಕಾಗದದ ಮೇಲೆ ‘ಸ್ಪೆಸಿಫಿಕೇಷನ್’ ಪ್ರಕಾರ ಇರುತ್ತೆ. ನಾನು ಓದಿದ ಎಂಜಿನಿಯರಿಂಗ್ ಮೊದಲು ಅದರ ಪರವಾಗಿಯೇ ಇತ್ತು: ತೇಗದ ತೂಕ, ಬಳುಕುವ ಗುಣ ಬೇರೆ, ಡ್ರಾಯಿಂಗ್ ಹೇಳಿದ್ದೇ ಸರಿ. ಉಸ್ತಾದ್ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ತೋರಿಸಿದರು. ಕ್ಲಿಕ್, ಕ್ಲಿಕ್. “ಫ್ಯಾಕ್ಟರಿಯೋರು ಒಂದು ಸಲ ಕಟ್ಟಿದ್ರು. ನಾವು ನಲವತ್ತು ವರ್ಷ ಕಟ್ಟಿದ್ದೀವಿ. ಯಾವ್ದು ತೆಗೀಲಿ ಹೇಳು.”

ಗೆಳತಿ ಎರಡು ತಿಂಗಳು ಯೋಚಿಸಿದಳು. ಅವಳ ತೀರ್ಮಾನ ಹೀಗಾಯ್ತು: ಕಡ್ಡಿ ಚಕ್ರ, ಎರಡೂ ಕಾರ್ಬುರೇಟರ್, ಡೈನಮೋ ಮೂಲದಂತೆ. ಬ್ರೇಕ್, ಪೆಟ್ರೋಲ್ ಪೈಪು, ವಾಲ್ವ್ ಸೀಟು ಇವತ್ತಿನಂತೆ. ತೇಗ ಹಾಗೇ ಇರಲಿ. ಸಮಿತಿ ಕೇಳಿದರೆ ಉತ್ತರಿಸೋಕೆ ಫೋಟೋ ಸಮೇತ ಒಂದು ಕಡತ. ತೆಗೆದ ಜೀಪ್ ಚಕ್ರ, ಬಿಲ್ಲೆಗಳಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ವಿಂಟೇಜ್ ನೋಂದಣಿಗೆ ಅರ್ಜಿ ಇನ್ನೂ ಹಾಕಿಲ್ಲ. ಸಮಿತಿ ಒಪ್ಪದೆಯೂ ಇರಬಹುದು, ಅದು ಅವಳಿಗೆ ಗೊತ್ತು.

ಕಡತಕ್ಕೆ ಒಂದು ಪುಟ ಸೇರಿಸೋಣ ಅಂತ ನಾನು ಕೇಳಿದೆ: ಈ ಕಾರನ್ನು ಮುಟ್ಟಿದವರ ಹೆಸರುಗಳು. ಬ್ರಿಟಿಷ್ ಮಾಲೀಕನ ಹೆಸರು ಪೂರ್ತಿ ಸಿಕ್ಕಿತು, ಇನಿಶಿಯಲ್ ಸಮೇತ. ಕಾರ್ಖಾನೆಯಿಂದ ಹೊರಬಿದ್ದ ಕಾಲವೂ ಸಿಕ್ಕಿತು. ಉಸ್ತಾದ್, ಲೇಥ್‌ನವರು, ಟಿಂಕರಿಂಗ್ ಹುಡುಗರ ಹೆಸರು ಬರೆದುಕೊಂಡೆವು. ಆಚಾರಿಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಗೆಳತಿಯ ದೊಡ್ಡಮ್ಮನಿಗೆ ಅವರು ಯಾವ ಊರಿನವರು ಅನ್ನೋದಷ್ಟೇ ಗೊತ್ತು. ಮುಂದಿನ ತಿಂಗಳು ಅಲ್ಲಿಗೆ ಹೋಗಿ ವಿಚಾರಿಸಬೇಕು ಅಂದುಕೊಂಡಿದ್ದೇವೆ.

ನಿಮ್ಮ ಮನೆಯಲ್ಲೂ ಇದ್ದರೆ

ಕಾರೇ ಆಗಬೇಕಿಲ್ಲ, ಹಳೇ ಜಾವಾ, ಲ್ಯಾಂಬ್ರೆಟಾ, ಫಿಯೆಟ್ ಯಾವುದಾದರೂ ಸರಿ. ಮೊದಲು ಆರ್‌ಸಿ ಹುಡುಕಿ, ಚಾಸಿ ಮತ್ತು ಎಂಜಿನ್ ನಂಬರ್ ತಾಳೆ ನೋಡಿ. ಹೊಂದದಿದ್ದರೆ ಉಜ್ಜೋಕೆ ಹೋಗಬೇಡಿ, ಅದು ಅಪರಾಧ. ಆರ್‌ಟಿಓದಲ್ಲಿ ಸರಿಪಡಿಸಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ತೆಗೆದ ಯಾವ ಭಾಗವನ್ನೂ ಗುಜರಿಗೆ ಹಾಕಬೇಡಿ. ಮಾಡಿದ ಪ್ರತಿ ಕೆಲಸಕ್ಕೂ ದಿನಾಂಕ, ಮಾಡಿದವರ ಹೆಸರು ಬರೆದಿಡಿ. ಹುಡುಗರಿಗೆ ಮಾಸ್ಕ್ ಕೊಡಿಸಿ, ಅದರ ಖರ್ಚನ್ನು ಬಜೆಟ್ಟಿನಲ್ಲೇ ಸೇರಿಸಿ. ಹೊಸ ಬೋಲ್ಟ್ ಹಾಕುವ ಮುಂಚೆ ಹಲ್ಲು ಎಣಿಸಿ.